ಹೋರಿಯ ವೀರ್ಯ ವರ್ಷಗಟ್ಟಲೆ ಇರುತ್ತದೆ, ಕಿಡ್ನಿ ಯಾಕೆ ಇರುವುದಿಲ್ಲ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮ ಅವ್ವನಿಗೆ ಡಯಾಲಿಸಿಸ್ ನಡೆದಿದೆ. ಕಿಡ್ನಿಗಾಗಿ ಹೆಸರು ಬರೆಸಿದ್ದೇವೆ. ಫೋನ್ ಬಂದ ಗಳಿಗೆಯಲ್ಲೇ ಹೊರಡಬೇಕಂತೆ. ನಮ್ಮ ಎಮ್ಮೆಗೆ ಹಾಕುವ ವೀರ್ಯವನ್ನು ಕ್ಯಾನಿನಲ್ಲಿ ವರ್ಷಗಟ್ಟಲೆ ಇಡುತ್ತೀರಿ. ಕಿಡ್ನಿಯನ್ನೂ ಹಾಗೆ ಇಡಲು ಬರುವುದಿಲ್ಲವೇ?
— ಓದುಗರೊಬ್ಬರು, ಶಿಗ್ಗಾವಿ

ಉತ್ತರ: ನಾನು ದನದ ಡಾಕ್ಟರ್. ಆದರೂ ಆ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಕುಂದಗೋಳ, ಸವಣೂರು ಕಡೆಯ ಹಳ್ಳಿಗಳನ್ನು ಸುತ್ತಿದವನು. ಅದರಲ್ಲಿರುವ ದ್ರವ ಸಾರಜನಕ ಮೈನಸ್ 196 ಡಿಗ್ರಿ. ಆ ತಂಪಿನಲ್ಲಿ ಜೀವಕೋಶದ ಕೆಲಸ ನಿಲ್ಲುತ್ತದೆ, ಕೆಡುವುದೂ ನಿಲ್ಲುತ್ತದೆ. ಅಪಾಯವೆಲ್ಲ ಆ ತಂಪಿಗೆ ಹೋಗಿಬರುವ ದಾರಿಯಲ್ಲಿ. ನೀರು ಹರಳುಗಟ್ಟಿದರೆ ಕೋಶ ಹರಿದುಹೋಗುತ್ತದೆ. ಗ್ಲಿಸರಾಲ್ ಎಂಬ ಮಂದ ದ್ರವ ಬೆರೆಸಿದರೆ ಹುಂಜದ ವೀರ್ಯ ಈ ದಾರಿ ದಾಟುತ್ತದೆಂದು ಇಂಗ್ಲೆಂಡಿನ ವಿಜ್ಞಾನಿಗಳಾದ ಪೋಲ್ಜ್, ಸ್ಮಿತ್, ಪಾರ್ಕ್ಸ್ 1949ರಲ್ಲಿ ತೋರಿಸಿದರು. ನಮ್ಮ ಕ್ಯಾನಿನ ಕಥೆ ಅಲ್ಲಿಂದ ಶುರು.

ಕ್ಯಾನಿನಿಂದ ವೀರ್ಯ ತುಂಬಿದ ಸ್ಟ್ರಾ ತೆಗೆಯುವುದನ್ನು ನೀವು ನೋಡಿರಬಹುದು. ಕಡ್ಡಿಯಷ್ಟು ತೆಳುವು, ಹಿಡಿಸುವುದು ಕಾಲು ಮಿಲಿಲೀಟರ್. ಚಿಮಟದಿಂದ ಎತ್ತಿ 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ತುದಿ ಕತ್ತರಿಸುತ್ತೇವೆ. ಒಂದು ಚಳಿಗಾಲದ ಬೆಳಗ್ಗೆ ಬಿಸಿನೀರು ಸಿಗದೆ ಕೊಡದ ತಣ್ಣೀರಿನಲ್ಲೇ ಅದ್ದಿದ್ದೆ. ಮೂರು ವಾರಕ್ಕೆ ಆ ಎಮ್ಮೆ ಮತ್ತೆ ಬೆದೆಗೆ ಬಂತು. ಬೇರೆ ಕಾರಣವೂ ಇದ್ದಿರಬಹುದು, ಆದರೆ ನಿಧಾನ ಬಿಸಿಯಾದರೆ ಹರಳು ಮತ್ತೆ ಬೆಳೆಯುತ್ತದೆ. ಆ ಮನೆಯವರ ಮುಖ ಇನ್ನೂ ಮರೆತಿಲ್ಲ.

ಅಷ್ಟು ತೆಳುವಾದದ್ದಕ್ಕೇ ಈ ಪಾಡು. ಮನುಷ್ಯರ ಕಿಡ್ನಿ ಸುಮಾರು 150 ಗ್ರಾಂ ತೂಗುತ್ತದೆ. ಹೊರಗೆ ಬಿಸಿಯಾಗುವಾಗ ಒಳಗೆ ಹೆಪ್ಪು ಹಾಗೇ ಇರುತ್ತದೆ, ನಡುವೆ ಬಿರುಕು ಬಿಡುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಇಲಿಯ ಕಿಡ್ನಿಯನ್ನು ಹರಳಿಲ್ಲದೆ ಗಾಜಿನಂತೆ ಗಟ್ಟಿ ಮಾಡಿ 100 ದಿನದವರೆಗೆ ಇಟ್ಟರು. ರಕ್ತನಾಳಗಳಲ್ಲಿ ಮೊದಲೇ ತುಂಬಿದ್ದ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ಕಾಂತಕ್ಷೇತ್ರದಲ್ಲಿ ಕಾದು ಒಳಗಿನಿಂದಲೇ ಸಮನಾಗಿ ಬಿಸಿ ಕೊಟ್ಟವು. ಕಸಿ ಮಾಡಿದ ಮೇಲೆ ಕಿಡ್ನಿ ಕೆಲಸ ಮಾಡಿತು. 2023ರಲ್ಲಿ ಇದು ಪ್ರಕಟವಾದಾಗ ನಾನು ಎರಡೆರಡು ಸಲ ಓದಿದೆ. ಆದರೆ ಇಲಿಯ ಕಿಡ್ನಿ ಒಂದೆರಡು ಗ್ರಾಂ ಅಷ್ಟೇ.

ಇವತ್ತು ನಿಮ್ಮ ಅವ್ವನಿಗೆ ಬರುವ ಕಿಡ್ನಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ, ಹೆಪ್ಪುಗಟ್ಟಿಸಿ ಅಲ್ಲ. ಅದಕ್ಕೆ ಆಯುಷ್ಯ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಹೃದಯಕ್ಕಂತೂ ನಾಲ್ಕರಿಂದ ಆರು ತಾಸು. ಹೀಗಾಗಿ ಆ ಅವಸರ. ರಾತ್ರಿ ಎರಡಕ್ಕೆ ಫೋನ್ ಬಂದರೆ ಯಾರ ಗಾಡಿ ಎಂದು ಈಗಲೇ ಮಾತಾಡಿಡಿ. ಫೈಲು ಬಾಗಿಲ ಹತ್ತಿರದ ಚೀಲದಲ್ಲಿರಲಿ, ಫೋನ್ ಆಫ್ ಆಗದಿರಲಿ. ಕರೆ ಬಂದಾಗ ಅವ್ವ ಉಣ್ಣಬೇಕೋ ಬೇಡವೋ ಅಂತ ಮೊದಲು ಕೇಳಿ.