ಮೆದುಳಿನ ಕಲೆ ಹೆಚ್ಚಾಗಿಲ್ಲ, ಆದರೂ ಮಾತಿನ ಎಳೆ ತಪ್ಪುತ್ತದೆ

ಪ್ರಶ್ನೆ: ನನ್ನ ಹೆಂಡತಿಗೆ 38 ವರ್ಷ. ಆರು ವರ್ಷದಿಂದ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ಮೆದುಳು, ಬೆನ್ನುಹುರಿಯ ಕಾಯಿಲೆ ಇದೆ. ನಡಿಗೆ, ಕಣ್ಣು ಎಲ್ಲ ಚೆನ್ನಾಗಿದೆ. ಹೋದ ತಿಂಗಳ ಎಂಆರ್‌ಐನಲ್ಲಿ ಹೊಸ ಕಲೆ ಒಂದೂ ಇರಲಿಲ್ಲ. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಅವಳಿಗೆ ಎಳೆ ತಪ್ಪುತ್ತದೆ. ಮೊಬೈಲಿಗೆ ಬಂದ ಓಟಿಪಿ ನೋಡಿ ಒತ್ತುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮನೆಯವರು 'ಗಮನ ಇಟ್ಟು ಮಾಡಲ್ಲ' ಅಂತಾರೆ. ಇದು ಕಾಯಿಲೆಯೋ, ಉದಾಸೀನವೋ?

ಉತ್ತರ: ಮೊದಲು ಆ 'ಗಮನ ಇಟ್ಟು ಮಾಡಲ್ಲ' ಅನ್ನೋ ಮಾತು ಮನೆಯಲ್ಲಿ ನಿಲ್ಲಲಿ. ಕಾಯಿಲೆಯದೇ ಕೆಲಸ ಆಗಿರುವ ಸಾಧ್ಯತೆ ಜಾಸ್ತಿ. ಎಂಎಸ್ ಇರುವವರಲ್ಲಿ ಸುಮಾರು ಶೇಕಡಾ 40ರಿಂದ 65 ಮಂದಿಗೆ ನೆನಪು, ಯೋಚನೆಯ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆ. ಇದೇನು ಹೊಸದಾಗಿ ಗೊತ್ತಾದ ವಿಷಯವೂ ಅಲ್ಲ. 1868ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ಗುರುತಿಸಿದ ಫ್ರೆಂಚ್ ವೈದ್ಯ ಶಾರ್ಕೋ, ರೋಗಿಗಳ ನೆನಪು ಕುಂದುವುದನ್ನೂ ಯೋಚನೆ ನಿಧಾನವಾಗುವುದನ್ನೂ ಗಮನಿಸಿದ್ದರು. ಆಮೇಲೆ ಬಹಳ ಕಾಲ ವೈದ್ಯರ ಕಣ್ಣೆಲ್ಲ ರೋಗಿಯ ಕಾಲಿನ ಮೇಲೇ ಇತ್ತು. ಈಗಲೂ ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯುವ ಇಡಿಎಸ್‌ಎಸ್ ಅಂಕಪಟ್ಟಿ ಮುಖ್ಯವಾಗಿ ನಡಿಗೆಯನ್ನೇ ನೋಡುತ್ತದೆ. ಚೆನ್ನಾಗಿ ನಡೆಯುವವರು ಚೆನ್ನಾಗಿಯೇ ಇದ್ದಾರೆ ಅಂತ ಲೆಕ್ಕ!

ಕಲೆಯ ವಿಷಯಕ್ಕೆ ಬರೋಣ. ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಅದಿದ್ದರೆ ಸಂಕೇತ ಹಾರಿ ಹಾರಿ ಓಡುತ್ತದೆ. ಕಳಚಿದರೆ ತೆವಳುತ್ತದೆ, ಕೆಲವೊಮ್ಮೆ ದಾರಿಯಲ್ಲೇ ನಿಂತುಬಿಡುತ್ತದೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ಪಡೆಯೇ ಈ ಹೊದಿಕೆಯ ಮೇಲೆ ಬೀಳುತ್ತದೆ. ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಕಲೆ ಈ ಹಾನಿಯ ಒಂದು ಪಾಲು ಅಷ್ಟೇ. ಮೆದುಳಿನ ಹೊರಪದರದಲ್ಲಿ ಆಗುವ ಕಲೆಗಳು ಮಾಮೂಲಿ ಎಂಆರ್‌ಐಗೆ ಬಹುಪಾಲು ಸಿಗುವುದೇ ಇಲ್ಲ. ಮೆದುಳಿನ ನಡುವೆ ಥಲಾಮಸ್ ಅಂತ ಒಂದು ಜಂಕ್ಷನ್ ಇದೆ, ಎಷ್ಟೋ ದಾರಿಗಳು ಅದರ ಮೂಲಕವೇ ಹಾಯಬೇಕು, ಅದು ಕಾಯಿಲೆಯ ಆರಂಭದಲ್ಲೇ ಸವೆಯತೊಡಗುತ್ತದೆ. ಹಾಗಾಗಿ ಕಲೆ ಎಣಿಸಿ 'ತಲೆ ಸರಿಯಿದೆ' ಅಂತ ಹೇಳಲಾಗದು.

ನಿಮ್ಮ ಪತ್ರದ ಓಟಿಪಿ ಉದಾಹರಣೆ ನನಗೆ ಬಹಳ ಹಿಡಿಸಿತು. ಆರು ಅಂಕಿ ನೋಡಬೇಕು, ತಲೆಯಲ್ಲಿ ಹಿಡಿದುಕೊಳ್ಳಬೇಕು, ಬೇರೆ ಪರದೆಗೆ ಹೋಗಬೇಕು, ಒತ್ತಬೇಕು, ಅದೂ ಗಡಿಯಾರ ಓಡುತ್ತಿರುವಾಗ. ಎಂಎಸ್‌ನಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಹೀಗೆ ಯೋಚಿಸುವ ವೇಗವೇ. ನಾವು ಮರೆವು ಅನ್ನುತ್ತೇವೆ. ಎಷ್ಟೋ ಸಲ ವಿಷಯ ಪೂರ್ತಿ ಒಳಗೇ ಹೋಗಿರುವುದಿಲ್ಲ, ಮೊದಲ ಮಾತು ಇಳಿಯುವ ಮುಂಚೆ ಎರಡನೆಯದು ಬಂದಿರುತ್ತದೆ, ಇನ್ನು ಮರೆಯುವುದೇನನ್ನು? ನಿಧಾನವಾಗಿ, ಒಂದೊಂದೇ ಹೇಳಿ ನೋಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಮುಂದಿನ ಸಲ ನರವೈದ್ಯರ ಹತ್ತಿರ ಈ ವೇಗ ಅಳೆಯುವ ಎಸ್‌ಡಿಎಂಟಿ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಒಂಬತ್ತು ಗುರುತು, ಒಂದೊಂದಕ್ಕೂ ಒಂದು ಅಂಕಿ, 90 ಸೆಕೆಂಡಿನಲ್ಲಿ ಎಷ್ಟು ಹೊಂದಿಸುತ್ತಾರೆ ಅಂತ ನೋಡುತ್ತಾರೆ. ವರ್ಷಕ್ಕೊಮ್ಮೆ ಮಾಡಿಸಿದರೆ ಅವರ ಅಂಕವನ್ನು ಅವರದೇ ಹಳೆಯ ಅಂಕದ ಜೊತೆ ಹೋಲಿಸಬಹುದು. ಖಿನ್ನತೆ, ನಿದ್ದೆಗೇಡು, ಸುಸ್ತು, ಕೆಲವು ಮಾತ್ರೆಗಳು ಕೂಡ ತಲೆಯನ್ನು ಮಂಕಾಗಿಸುತ್ತವೆ, ಅವನ್ನೂ ವಿಚಾರಿಸಲಿ. ಇವು ಸರಿಪಡಿಸಬಹುದಾದವು.

ಪ್ರಶ್ನೆ: ಎಂಎಸ್‌ನಲ್ಲಿ ಮೆದುಳಿನ ಭಾಗಗಳ ನಡುವೆ ಸಂಪರ್ಕ ಹೆಚ್ಚಾಗುತ್ತದೆ ಅಂತ ಓದಿದೆ. ಹಾಗಾದರೆ ಒಳ್ಳೆಯದೇ ಅಲ್ವಾ?

ಉತ್ತರ: ಅಷ್ಟು ಸುಲಭವಿಲ್ಲ. ಎಫ್‌ಎಂಆರ್‌ಐ ಎಂಬ ಸ್ಕ್ಯಾನಿನಿಂದ ಈ ಸಂಪರ್ಕ ಅಳೆಯುತ್ತಾರೆ. ಆ ಯಂತ್ರ ನರದ ತಂತಿಯನ್ನು ನೋಡುವುದಿಲ್ಲ. ರಕ್ತದ ಆಮ್ಲಜನಕದ ಏರಿಳಿತ ನೋಡುತ್ತದೆ. ಎರಡು ಭಾಗಗಳಲ್ಲಿ ಒಟ್ಟಿಗೇ ಏರಿಳಿದರೆ ಸಂಪರ್ಕ ಇದೆ ಅನ್ನುತ್ತಾರೆ. ಒಂದು ದಾರಿ ಮುಚ್ಚಿದಾಗ ಮೆದುಳು ಬಳಸುದಾರಿ ಹಿಡಿಯುತ್ತದೆ, ಆಗ ಇದು ಹೆಚ್ಚಾಗಿ ಕಾಣಬಹುದು, ಮೊದಮೊದಲು ನಿಜವಾಗಿಯೂ ಕೈ ಹಿಡಿಯಬಹುದು. ಆದರೆ ನೆನಪು, ಯೋಚನೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರಲ್ಲೂ ಇದೇ ಹೆಚ್ಚಳ ಕಂಡಿದೆ. ನಾವು ಸುಮ್ನೆ ಕೂತಿರುವಾಗ ಚುರುಕಾಗಿರುವ ಒಂದು ಜಾಲ ಇದೆ, ಡಿಫಾಲ್ಟ್ ಮೋಡ್ ಅಂತ ಹೆಸರು, ಕೆಲಸ ಶುರುವಾದಾಗ ಅದು ತಣ್ಣಗಾಗಬೇಕು. ಆಗದಿದ್ದರೆ ಗಲಾಟೆ ಜಾಸ್ತಿ, ಕೆಲಸ ಕಮ್ಮಿ. ಒಂದೇ ಬಳಸುದಾರಿಗೆ ಎಲ್ಲ ವಾಹನ ನುಗ್ಗಿದರೆ ಅದೂ ಕಟ್ಟಿಕೊಳ್ಳುತ್ತದೆ ನೋಡಿ. ಸಂಶೋಧಕರಲ್ಲೇ ಇದರ ಬಗ್ಗೆ ಜಗಳ ಮುಗಿದಿಲ್ಲ. ಅದಕ್ಕೇ ಹೇಳೋದು, ಸುದ್ದಿಯಲ್ಲಿ 'ಸಂಪರ್ಕ ಹೆಚ್ಚಳ' ಅಂತ ಕಂಡರೆ ಆ ರೋಗಿಗಳ ಪರೀಕ್ಷೆಯ ಅಂಕ ಏನಾಯಿತು ಅಂತಲೂ ನೋಡಿ.

ಪ್ರಶ್ನೆ: ಮೆದುಳಿನ ವ್ಯಾಯಾಮದ ಆ್ಯಪ್ ಅಥವಾ ನೆನಪಿನ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಮಾತ್ರೆ ಬೇಡ. ಆಲ್ಜೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಅನ್ನು ಎಂಎಸ್‌ನಲ್ಲೂ ಪರೀಕ್ಷಿಸಿದ್ದರು, ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಆ್ಯಪ್ ಆಡಿದರೆ ಮುಖ್ಯವಾಗಿ ಆ ಆಟದಲ್ಲೇ ಪಳಗುತ್ತೀರಿ. ತರಬೇತಿ ಪಡೆದವರ ಜೊತೆ ಕೂತು ಕಲಿಯುವ ಉಪಾಯಗಳು ಮೇಲು. ನೆನಪಿಡಬೇಕಾದ ಪದಗಳನ್ನೆಲ್ಲ ಸೇರಿಸಿ ಒಂದು ಪುಟ್ಟ ಕಥೆ ಕಟ್ಟಿ, ಅದನ್ನು ಕಣ್ಣೆದುರು ಚಿತ್ರವಾಗಿ ತಂದುಕೊಳ್ಳುವ ವಿಧಾನ ಪ್ರಯೋಗದಲ್ಲಿ ಫಲ ಕೊಟ್ಟಿದೆ. ಉಳಿದಂತೆ ಕಷ್ಟದ ಕೆಲಸ ಬೆಳಗ್ಗೆ, ತಂಪು ಹೊತ್ತಿನಲ್ಲಿ ಮುಗಿಸಿ. ಮೈ ಬಿಸಿಯಾದರೆ ಹಾನಿಯಾದ ನರ ಇನ್ನಷ್ಟು ತಡವರಿಸುತ್ತದೆ. ಓಟಿಪಿಗೆ ಮಾತ್ರ ಫೋನಿನ ತಾನೇ ತುಂಬುವ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ, ಅದಕ್ಕೆ ಮೆದುಳನ್ನು ಸವೆಸುವುದು ಯಾಕೆ?