ಫೈಟರ್ ಮೂಲೆ ಸೇರಿದೆ, ಫಿಲ್ಟರ್ ಬದಲಾಯಿಸಲೇ?

ಪ್ರಶ್ನೆ: ಮೇಡಂ, ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಇದೆ. ವ್ಯಾಲಿಸ್ನೇರಿಯಾ, ಅನುಬಿಯಾಸ್ ಗಿಡಗಳಿವೆ, ಮೇಲೆ ಸಾಲ್ವಿನಿಯಾ ತೇಲುತ್ತದೆ. ಒಂದು ಫೈಟರ್ ಮೀನು, ತಳದಲ್ಲಿ ಓಡಾಡುವ ಆರು ಸಣ್ಣ ಕೋರಿ ಮೀನು ಇವೆ. ‘ಪವರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅಂತ ಅಂಗಡಿಯವರು ಗಂಟೆಗೆ 1000 ಲೀಟರ್‌ನ ಫಿಲ್ಟರ್ ಕೊಟ್ಟರು. ನೀರಿನ ಹೊಡೆತಕ್ಕೆ ಮಣ್ಣಿನಲ್ಲಿ ಗುಂಡಿ ಬಿದ್ದಿದೆ. ಫೈಟರ್ ಎಲೆ ಹಿಂದಿನಿಂದ ಈಚೆಗೆ ಬರುವುದಿಲ್ಲ. ಆದರೂ ಬಲ ಮೂಲೆಯಲ್ಲಿ ಕೊಳೆ ಕೂರುತ್ತದೆ. ಸದ್ದು ಅಂತ ಅತ್ತೆ ರಾತ್ರಿ ಸ್ವಿಚ್ ಆರಿಸುತ್ತಾರೆ. ಫಿಲ್ಟರ್ ಬದಲಾಯಿಸಲೇ?
— ಓದುಗರು, ಹಾಸನ

ಉತ್ತರ: ಈಗಲೇ ದುಡ್ಡು ಖರ್ಚು ಮಾಡಬೇಡಿ. ಮೊದಲು ಇರುವುದನ್ನೇ ಪಳಗಿಸಿ ನೋಡೋಣ.

ನಿಮ್ಮ ಟ್ಯಾಂಕಿನಲ್ಲಿ ಮಣ್ಣು, ಕಲ್ಲು ಕಳೆದರೆ ಹೆಚ್ಚೆಂದರೆ 50 ಲೀಟರ್ ನೀರಿದೆ. ಫಿಲ್ಟರ್ ಬಾಕ್ಸಿನ ಮೇಲಿನ ಲೆಕ್ಕದಂತೆ ಅದಷ್ಟೂ ಗಂಟೆಗೆ 20 ಸಲ ಸುತ್ತುತ್ತದೆ. ಸ್ಪಂಜಿನ ತಡೆ ಕಳೆದರೆ ನಿಜವಾದ ಹರಿವು ಕಡಿಮೆಯೇ ಇರುತ್ತದೆ, ಆದರೂ ಇದು ಜಾಸ್ತಿಯೇ. ನಿಮ್ಮಂಥ ಸಾದಾ ಗಿಡದ ಟ್ಯಾಂಕಿಗೆ ಗಂಟೆಗೆ ನಾಲ್ಕರಿಂದ ಆರು ಸಲ ಸುತ್ತಿದರೆ ಸಾಕು ಅನ್ನುವುದು ರೂಢಿಯ ಲೆಕ್ಕ. ಫೈಟರ್ ಮೂಲತಃ ಥಾಯ್ಲೆಂಡ್ ಕಡೆಯ ಗದ್ದೆ, ಜೌಗಿನ ನಿಂತ ನೀರಿನ ಮೀನು. ಉಸಿರಿಗೆ ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಆ ಉದ್ದ ರೆಕ್ಕೆ ಹೊತ್ತುಕೊಂಡು ನಿಮ್ಮ ಟ್ಯಾಂಕಿನಲ್ಲಿ ಮೇಲೆ ಬರುವುದೇ ಅದಕ್ಕೆ ಕಷ್ಟ. ಮೂಲೆ ಸೇರದೆ ಇನ್ನೇನು ಮಾಡೀತು?

ಹಾಗಂತ ಹರಿವು ಪೂರ್ತಿ ಬೇಡ ಅಂತಲೂ ಅಲ್ಲ. ಗಾಳಿಗಿಂತ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ನಿಂತ ನೀರಿನಲ್ಲಿ ಎಲೆಗೆ ಅಂಟಿಕೊಂಡ ತೆಳು ಪದರದಲ್ಲಿ ಅದು ಬೇಗ ಖಾಲಿಯಾಗುತ್ತದೆ, ಹೊಸದು ಬರಲು ತಡವಾಗುತ್ತದೆ. ನೀರು ಮೆಲ್ಲಗೆ ಸರಿಯುತ್ತಿದ್ದರೆ ಆ ಪದರ ತೆಳ್ಳಗಾಗುತ್ತದೆ, ಗೊಬ್ಬರದ ಅಂಶವೂ ಎಲೆಗೆ ತಲುಪುತ್ತದೆ. ವ್ಯಾಲಿಸ್ನೇರಿಯಾ ಎಲೆ ತೂಗಬೇಕು, ಒಂದೇ ಕಡೆಗೆ ಬಾಗಿ ಮಲಗಬಾರದು. ನಾನು ನೋಡುವ ಅಳತೆ ಅಷ್ಟೇ.

ನಿಮ್ಮಲ್ಲಿ ನೀರೆಲ್ಲ ಒಂದೇ ಧಾರೆಯಾಗಿ ಒಂದೇ ಕಡೆ ಬಡಿಯುತ್ತಿದೆ. ಅದಕ್ಕೇ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಕೊಳೆ. ಧಾರೆಯನ್ನು ಒಡೆಯಬೇಕು. ಸಾಲಾಗಿ ತೂತುಗಳಿರುವ ಸ್ಪ್ರೇ ಬಾರ್ ಸಿಗುತ್ತದೆ. ಅದನ್ನು ಫಿಲ್ಟರಿನ ಬಾಯಿಗೆ ಸಿಕ್ಕಿಸಿ, ತೂತುಗಳು ಹಿಂದಿನ ಗಾಜಿನ ಕಡೆ ತಿರುಗಿರಲಿ. ನೀರು ಗಾಜಿಗೆ ಬಡಿದು ಸುಸ್ತಾಗಿ ಹರಡುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಸಣ್ಣ ಪಿವಿಸಿ ಪೈಪಿಗೆ ಕಾಸಿದ ಮೊಳೆಯಿಂದ ತೂತು ಮಾಡಿಕೊಳ್ಳಿ. ಕಿಟಕಿ ತೆಗೆದಿಟ್ಟು ಮಾಡಿ, ಹೊಗೆ ಕೆಟ್ಟದ್ದು. ತೂತು ತೀರಾ ಸಣ್ಣದಾದರೆ ಪಿಚಕಾರಿಯಂತೆ ಹಾರುತ್ತದೆ, ಮತ್ತೆ ಅದೇ ಗೋಳು.

ಫಿಲ್ಟರಿನಲ್ಲಿ ಹರಿವು ತಗ್ಗಿಸುವ ತಿರುಗಣೆ ಇದ್ದರೆ ಅದನ್ನೂ ತಿರುಗಿಸಿ. ಇಲ್ಲದಿದ್ದರೆ ನೀರು ಹೊರಬರುವ ಕಡೆ ತಡೆ ಹಾಕಿ. ಎಳೆದುಕೊಳ್ಳುವ ಕಡೆ ಕಟ್ಟಬೇಡಿ. ಪಂಪು ನೀರು ಸಾಲದೆ ಗರಗರ ಅನ್ನುತ್ತದೆ, ಬೇಗ ಹಾಳಾಗುತ್ತದೆ.

ಆಮೇಲೆ ಒಂದು ಚಿಟಿಕೆ ಮೀನಿನ ಆಹಾರ ಪುಡಿ ಮಾಡಿ ನೀರಿನೊಳಗೆ ಬಿಡಿ. ಪುಡಿ ಎಲ್ಲಿ ಓಡುತ್ತದೆ, ಎಲ್ಲಿ ಸುಮ್ನೆ ನಿಲ್ಲುತ್ತದೆ ನೋಡಿ. ಬಲ ಮೂಲೆಯಲ್ಲೇ ನಿಂತರೆ ಬಾರನ್ನು ಆ ಕಡೆಗೆ ಸ್ವಲ್ಪ ಓರೆ ಮಾಡಿ, ಅಡ್ಡವಾಗಿರುವ ಗಿಡ ಕತ್ತರಿಸಿ. ಇಷ್ಟೆಲ್ಲ ಮಾಡಿದ ಮೇಲೂ ಫೈಟರ್ ಹೊರಗೆ ಬರದಿದ್ದರೆ, ಆಗ ಏರ್ ಪಂಪಿನ ಸ್ಪಂಜ್ ಫಿಲ್ಟರ್ ತನ್ನಿ. ಆದರೆ ಹಳೆಯ ಸ್ಪಂಜನ್ನು ಒಂದು ತಿಂಗಳು ಅದೇ ಟ್ಯಾಂಕಿನಲ್ಲಿ ಬಿಟ್ಟಿರಿ. ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ತೊಳೆಯುವಾಗಲೂ ನಲ್ಲಿ ನೀರು ಬೇಡ, ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಇನ್ನು ಅತ್ತೆಯವರ ವಿಷಯ. ರಾತ್ರಿ ಆರಿಸಲೇಬಾರದು. ಕತ್ತಲಲ್ಲಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ನೀರು ಓಡದಿದ್ದರೆ ಸ್ಪಂಜಿನೊಳಗಿನ ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ. ಸದ್ದಿಗೆ ಕಾರಣ ಬಹಳ ಸಲ ಗಾಳಿ ಎಳೆಯುವ ಸಣ್ಣ ಟ್ಯೂಬು, ಅದನ್ನು ಮುಚ್ಚಿ ನೋಡಿ. ಕರೆಂಟ್ ಬಿಲ್ಲಿನ ಮಾತು ಬಂದರೆ ಹೀಗೆ ಹೇಳಿ: 15 ವ್ಯಾಟ್‌ನ ಫಿಲ್ಟರ್ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಸುಮಾರು 11 ಯೂನಿಟ್.

ಪ್ರಶ್ನೆ: ಎರಡು ಅಡಿ ಗಿಡದ ಟ್ಯಾಂಕಿನಲ್ಲಿ ನಮ್ಮ ಕಡೆಯ ಮಿಸ್ ಕೇರಳ ಮೀನು ಸಾಕಬಹುದೇ? ಹರಿವು ಎಷ್ಟಿರಬೇಕು?
— ಓದುಗರು, ಕಾಸರಗೋಡು

ಉತ್ತರ: ಅದರ ಸ್ವಭಾವ ಫೈಟರ್‌ಗೆ ತದ್ವಿರುದ್ಧ. ಪಶ್ಚಿಮ ಘಟ್ಟದ ಕಲ್ಲು ಹೊಳೆಗಳಲ್ಲಿ ಗುಂಪಾಗಿ ಓಡುವ ಮೀನು, ಜೋರು ಹರಿವು, ಆಮ್ಲಜನಕ ತುಂಬಿದ ನೀರು ಬೇಕು. ಅನುಬಿಯಾಸ್, ಜಾವಾ ಫರ್ನ್ ಕಲ್ಲಿಗೆ ಕಟ್ಟಿದರೆ ಆ ಹರಿವನ್ನೂ ತಡೆದುಕೊಳ್ಳುತ್ತವೆ. ಆದರೆ ಈ ಮೀನು ಸುಮಾರು 15 ಸೆಂ.ಮೀ. ಬೆಳೆಯುತ್ತದೆ, ಒಂಟಿಯಾಗಿ ಇಡುವಂತಿಲ್ಲ. ನಾಲ್ಕು ಅಡಿ ಟ್ಯಾಂಕ್ ಇದ್ದರೆ ಮಾತ್ರ ಯೋಚಿಸಿ. ಅಳಿವಿನಂಚಿನ ಮೀನು, ಹೊಳೆಯಿಂದ ಹಿಡಿದದ್ದನ್ನು ಕೊಳ್ಳಬೇಡಿ. ಸಾಕಣೆಯಲ್ಲಿ ಹುಟ್ಟಿದ ಮರಿಯೇ ಅಂತ ಖಾತ್ರಿ ಮಾಡಿಕೊಳ್ಳಿ.