‘ನೇಪಾಳದಲ್ಲಿ ಚಳಿ ಎಷ್ಟು?’ ಎಂದು ಕೇಳುವವರಿಗೆ

ಶಿವರಾತ್ರಿ ಕಳೆದರೆ ಸಾಕು, ಡೊಂಬಿವಲಿ, ಮುಲುಂಡ್, ಮೀರಾರೋಡ್ ಕಡೆಯ ಕನ್ನಡಿಗರಿಂದ ಒಂದೇ ಎರಕದ ಪ್ರಶ್ನೆಗಳು ಬರತೊಡಗುತ್ತವೆ. ಮುಂಬಯಿಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ, ಈಗ ಸಂಘದವರನ್ನು ನೇಪಾಳಕ್ಕೆ ಕರೆದೊಯ್ಯುವ ನನಗೆ ಇದು ಪಾಠ ಕೇಳದ ತರಗತಿಗೆ ಮತ್ತೆ ಮತ್ತೆ ಪಾಠ ಒಪ್ಪಿಸಿದಂತೆ. ಟಿಕೆಟ್, ಹೋಟೆಲ್ ವಿಚಾರ ಬರೆಯುವುದಿಲ್ಲ. ಅದನ್ನು ನಿಮ್ಮ ಮಕ್ಕಳೇ ಮೊಬೈಲಿನಲ್ಲಿ ನೋಡಿ ಹೇಳುತ್ತಾರೆ.

ಮಾಸ್ತರರೇ, ಮೇ ರಜೆಯಲ್ಲಿ ಎಂಟು ದಿನ ನೇಪಾಳಕ್ಕೆ ಹೊರಟಿದ್ದೇವೆ. ಕಠ್ಮಂಡು, ಪೋಖರಾ, ಮುಕ್ತಿನಾಥ, ಲುಂಬಿನಿ, ಜನಕಪುರ ಎಲ್ಲವೂ ಆಗಬೇಕು. ಜೊತೆಗೆ 71 ವರ್ಷದ ಅತ್ತೆ ಇದ್ದಾರೆ. ನೇಪಾಳದಲ್ಲಿ ಆಗ ಚಳಿ ಎಷ್ಟಿರುತ್ತದೆ? ಕರ್ಪೂರ ಎಷ್ಟು ಒಯ್ಯಬೇಕು?
– ಒಬ್ಬ ಗೃಹಿಣಿ, ಡೊಂಬಿವಲಿ

‘ನೇಪಾಳದಲ್ಲಿ’ ಎಂದರೆ ಎಲ್ಲಿ, ತಾಯಿ? ದಕ್ಷಿಣದಿಂದ ಉತ್ತರಕ್ಕೆ ಆ ದೇಶದ ಅಗಲ ಸರಾಸರಿ 200 ಕಿಲೋಮೀಟರ್ ಕೂಡ ಇಲ್ಲ. ನಕ್ಷೆಯ ಮೇಲೆ ಮುಂಬಯಿಯಿಂದ ಸಾತಾರಾಕ್ಕೆ ಗೆರೆ ಎಳೆದರೆ ಅಷ್ಟೇ ಉದ್ದ. ಅಷ್ಟರೊಳಗೆ ನೆಲ ನೂರು ಮೀಟರಿಗೂ ತಗ್ಗಿನ ತರಾಯಿ ಬಯಲಿನಿಂದ 8,849 ಮೀಟರಿನ ಎವರೆಸ್ಟ್‌ವರೆಗೆ ಏರುತ್ತದೆ. ನೀವು ಬರೆದ ಐದು ಊರುಗಳು ಒಂದೇ ಹವೆಯವಲ್ಲ. ಲುಂಬಿನಿ, ಜನಕಪುರ ತರಾಯಿಯವು, ಬಿಹಾರ–ಉತ್ತರ ಪ್ರದೇಶದ ಬಯಲು ಗಡಿ ದಾಟಿ ಮುಂದುವರಿದ ಹಾಗೆ. ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿಯ ಬಿಸಿಲು. ಕಠ್ಮಂಡು 1,400 ಮೀಟರ್, ಆಗ ಹಗಲು ಹಿತವಾಗಿರುತ್ತದೆ. ಪೋಖರಾ ಬರೀ 800 ಮೀಟರ್, ಮಧ್ಯಾಹ್ನದ ಮೇಲೆ ಗುಡುಗು, ಆಲಿಕಲ್ಲು. ಮುಕ್ತಿನಾಥ ಮಾತ್ರ 3,700 ಮೀಟರ್ ದಾಟಿದೆ. ಎಲ್ಲದಕ್ಕೂ ಸೇರಿಸಿ ‘ಚಳಿ ಎಷ್ಟು’ ಎಂದರೆ ನಾನು ಯಾವ ಸಂಖ್ಯೆ ಹೇಳಲಿ?

ಪೋಖರಾ ಮತ್ತು ಮುಕ್ತಿನಾಥ ಒಂದೇ ಯಾತ್ರೆಯ ಊರುಗಳೆಂದು ಒಂದೇ ಸೀಮೆ ಎಂದುಕೊಳ್ಳಬೇಡಿ. ಪೋಖರಾದ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅನ್ನಪೂರ್ಣಾ ಸಾಲಿನ ಆಚೆ ಬದಿಯಲ್ಲಿ, ಮುಕ್ತಿನಾಥದ ಕೆಳಗಿನ ಜೋಮ್ಸೋಮ್‌ನಲ್ಲಿ 300 ಕೂಡ ಇಲ್ಲ. ಲೋಣಾವಳಾ ನೆನೆದು ತೊಪ್ಪೆಯಾದ ದಿನ ಬಾರಾಮತಿಯಲ್ಲಿ ದೂಳು ಹಾರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟ ಮೋಡವನ್ನು ಈಚೆಗೇ ಹಿಂಡಿಬಿಡುತ್ತದೆ. ಹಿಮಾಲಯದ ಆ ಘಟ್ಟವನ್ನು ಸೀಳಿ ಬರುವುದು ಕಾಳಿ ಗಂಡಕಿ ನದಿ. ಒಂದು ಕಡೆ ಧವಳಗಿರಿ, ಇನ್ನೊಂದು ಕಡೆ ಅನ್ನಪೂರ್ಣಾ, ಎರಡೂ 8,000 ಮೀಟರ್ ಮೀರಿದವು. ಬಿಸಿಲೇರಿದಂತೆ ಮೇಲಿನ ಮುಸ್ತಾಂಗ್ ಸೀಮೆಯ ಬೋಳು ನೆಲ ಕಾದು, ಕೆಳಗಿನ ಗಾಳಿಯನ್ನೆಲ್ಲ ಈ ಕಣಿವೆಯಿಂದಲೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಜೋಮ್ಸೋಮ್ ಬೀದಿಯಲ್ಲಿ ಬಾಯಿ ತೆರೆದರೆ ಹಲ್ಲಿನ ನಡುವೆ ಮರಳು ಕರಕರ ಎನ್ನುತ್ತದೆ. ಸಣ್ಣ ವಿಮಾನಗಳು ಅಲ್ಲಿ ಬೆಳಿಗ್ಗೆ ಮಾತ್ರ ಹಾರುವುದು ಇದಕ್ಕೇ. ‘ಮಧ್ಯಾಹ್ನದ ವಿಮಾನ ಇಲ್ಲವೇ’ ಎಂದು ಕೇಳುವವರು ಇನ್ನು ಮುಂದೆ ಕೇಳದಿರಲಿ.

ಇನ್ನು ಕರ್ಪೂರ. ಮೂಸಿದರೆ ಮೂಗು ತಣ್ಣಗಾಗಿ ಉಸಿರು ಸಲೀಸಾದಂತೆ ಅನ್ನಿಸುತ್ತದೆ, ಅಷ್ಟೇ. ರಕ್ತಕ್ಕೆ ಆಮ್ಲಜನಕ ಎಳ್ಳಷ್ಟೂ ಹೆಚ್ಚುವುದಿಲ್ಲ. ಒಂದು ಸಲ ಮಾಟುಂಗಾದಿಂದ ಒಯ್ದ ಬಾಳೆಕಾಯಿ ಚಿಪ್ಸ್ ಪೊಟ್ಟಣ ಮುಕ್ತಿನಾಥ ತಲುಪುವಾಗ ದಿಂಬಿನಂತೆ ಉಬ್ಬಿತ್ತು. ಪೊಟ್ಟಣದೊಳಗೆ ಮುಂಬಯಿಯ ಗಾಳಿ, ಹೊರಗೆ ಅದರ ಮೂರರಲ್ಲಿ ಎರಡು ಪಾಲಿನ ಒತ್ತಡ. ನಿಮ್ಮ ಅತ್ತೆಯವರ ಶ್ವಾಸಕೋಶಕ್ಕೆ ಸಿಗುವುದೂ ಆ ಎರಡು ಪಾಲೇ. ಅದೇ ದಿನ ನಮ್ಮ ತಂಡದ ಹಿರಿಯರೊಬ್ಬರು ಅಲ್ಲಿನ ದೇವಸ್ಥಾನದ 108 ಧಾರೆಗಳ ಹಿಮದ ನೀರಿಗೂ ತಲೆಯೊಡ್ಡಿದರು. ಬೇಡವೆನ್ನಲು ನಾನು ಸಂಕೋಚಪಟ್ಟೆ. ಅರ್ಧ ಗಂಟೆಯಲ್ಲಿ ತುಟಿ ನೀಲಿಯಾಯಿತು, ವಾಂತಿ ಶುರುವಾಯಿತು. ಕರ್ಪೂರದ ಗಂಟು ಅವರ ಕೊರಳಲ್ಲೇ ಇತ್ತು. ಜೀಪಿನಲ್ಲಿ ಸಾವಿರ ಮೀಟರ್ ಕೆಳಗೆ ಜೋಮ್ಸೋಮ್‌ಗೆ ಇಳಿಸಿದ ಮೇಲೆ ಚೇತರಿಸಿಕೊಂಡರು. ಆಮೇಲೆ ಸಂಕೋಚ ಬಿಟ್ಟಿದ್ದೇನೆ. ತಲೆನೋವು, ವಾಕರಿಕೆ, ಮಂಕು ಕಂಡರೆ ಕೆಳಗಿಳಿಯಿರಿ, ದರ್ಶನ ಆಗದಿದ್ದರೂ ಸರಿ.

ಬಸ್ಸಿನಲ್ಲಿ ಪೆಪ್ಪರಮಿಂಟಿನಂತೆ ಮಾತ್ರೆ ಹಂಚುವ ಪ್ರವಾಸ ಏಜೆಂಟರೂ ಇದ್ದಾರೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಆ ಅಸೆಟಜೋಲಮೈಡ್ ವೈದ್ಯರು ಬರೆದುಕೊಡಬೇಕಾದ ಔಷಧ, ಎಲ್ಲರಿಗೂ ಒಗ್ಗುವುದಿಲ್ಲ. ಹೊರಡುವ ಮೊದಲು ಅತ್ತೆಯವರನ್ನು ವೈದ್ಯರಿಗೆ ತೋರಿಸಿ, ಏಜೆಂಟನಿಗಲ್ಲ.

ಆದ್ದರಿಂದ ಲುಂಬಿನಿ, ಜನಕಪುರ ಕೈಬಿಡಿ. ಪೋಖರಾದಲ್ಲಿ ಎರಡು ರಾತ್ರಿ, ದಾರಿಯ ನಡುವಿನ ತಾತೋಪಾನಿಯಲ್ಲಿ ಒಂದು, ಅದರ ಮೇಲಿನ ಮಾರ್ಫಾ ಅಥವಾ ಜೋಮ್ಸೋಮ್‌ನಲ್ಲಿ ಎರಡು. ಬೆಳಿಗ್ಗೆ ಬೇಗ ಮೇಲೇರಿ ದರ್ಶನ ಮುಗಿಸಿ, ಮಲಗುವುದಕ್ಕೆ ಕೆಳಗೆ ಬನ್ನಿ. ಉಳಿದ ದಿನ ಕಠ್ಮಂಡುವಿಗೆ. ನನ್ನನ್ನು ಕೇಳಿದರೆ ಮೇ ತಿಂಗಳೇ ಬೇಡ, ದೀಪಾವಳಿ ರಜೆಗೆ ಹೋಗಿ. ಮೇ ತಿಂಗಳಲ್ಲಿ ಮಬ್ಬು ಕವಿದು ಬೆಟ್ಟಗಳೇ ಕಾಣದೆ, ಎಷ್ಟೋ ಜನ ಹೋಟೆಲಿನ ಗೋಡೆಯ ಚಿತ್ರ ನೋಡಿಕೊಂಡು ಬಂದಿದ್ದಾರೆ.

ಪೋಖರಾದಿಂದ ಎವರೆಸ್ಟ್ ಕಾಣುತ್ತದೆಯೇ? – ಪುಣೆ
ಇಲ್ಲ. ಕಣ್ಣೆದುರು ನಿಂತಿರುವ ಮಚ್ಛಾಪುಚ್ಛ್ರೆ ಶಿಖರವನ್ನು ನೋಡಿ.

ಪಶುಪತಿನಾಥದ ಅರ್ಚಕರು ನಮ್ಮ ಕಡೆಯವರಂತೆ. ವಿಶೇಷ ದರ್ಶನ ಸಿಗಬಹುದೇ? – ಮಡಗಾಂವ್
ಕರ್ನಾಟಕದ ಭಟ್ಟರು ಅಲ್ಲಿ ಪೂಜೆಗಿರುವುದು ನಿಜ. ಸಾಲಿನಲ್ಲಿ ನಿಲ್ಲಿ.

ಅಸಲಿ ಸಾಲಿಗ್ರಾಮವನ್ನು ಅಕ್ಕಿಯ ಜೊತೆ ತೂಗಿ ರಾತ್ರಿ ಇಟ್ಟರೆ ತೂಕ ಹೆಚ್ಚುತ್ತದೆಯೇ? – ಮುಲುಂಡ್
ಮುಂಬಯಿಯ ತೇವಕ್ಕೆ ಅಕ್ಕಿಯ ತೂಕ ಸಾಲಿಗ್ರಾಮವಿಲ್ಲದೆಯೂ ಹೆಚ್ಚುತ್ತದೆ. ಸಾಲಿಗ್ರಾಮವೆಂದರೆ ಕೋಟ್ಯಂತರ ವರ್ಷ ಹಿಂದಿನ ಕಡಲಜೀವಿಯ ಅಚ್ಚುಳಿದ ಕಲ್ಲು, ಹಿಮಾಲಯವೇ ಒಮ್ಮೆ ಕಡಲ ತಳವಾಗಿತ್ತೆಂಬುದಕ್ಕೆ ಸಾಕ್ಷಿ. ಅಂಗಡಿಯವನು ಚಕ್ರ ಕೊರೆದು ಮಾರುವುದು ಬೇರೆ ಕಲ್ಲು. ಕೊಳ್ಳಬೇಡಿ.

ವಿಮಾನಕ್ಕೆ ಆಧಾರ್ ಸಾಕೇ? – ಒಂಬತ್ತು ಜನ, ಬೇರೆ ಬೇರೆ ಊರು
15ರಿಂದ 65ರೊಳಗಿನವರಿಗೆ ಸಾಲದು. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಡೊಂಬಿವಲಿಯ ಅತ್ತೆಯವರು ಆಧಾರ್ ತೋರಿಸಿ ಹತ್ತಬಹುದು, ಸೊಸೆ ಹತ್ತುವಂತಿಲ್ಲ.